ಅತ್ತೆಯ ಹನ್ನೆರಡು ಪೆಟ್ಟಿಗೆ

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲಿಂದ
ಶುಕ್ರವಾರ, ಏಪ್ರಿಲ್ ೧೧, ಮಧ್ಯಾಹ್ನ

ಎಷ್ಟು ದೂರದಲ್ಲಿದ್ದರೂ ನನ್ನ ಕೆಲಸದಲ್ಲಿ ಹುಳುಕು ಕಂಡುಹಿಡಿಯಬಲ್ಲ ಅತ್ತೆಯವರಿಗೆ, ನಿಮ್ಮ ಸೊಸೆ ಮಾಡುವ ನಮಸ್ಕಾರಗಳು.

ಸೊಂಟದ ಹೊಲಿಗೆ ಒಣಗಿತೇ? ಒಂದೇ ಮಗ್ಗುಲಿಗೆ ಮಲಗಿ ಮಲಗಿ ಭುಜ ನೋಯುತ್ತಿದೆ ಅಂದಿದ್ದಿರಿ, ಈಗ ಹೇಗಿದೆ? ವಾಕರ್ ಹಿಡಿದು ನಡೆಯಲೇಬೇಕೆಂದು ಡಾಕ್ಟರು ಹೇಳಿದ್ದಾರೆ, ನೆನಪಿರಲಿ. ನಿಮ್ಮ ಮಗಳು ಫೋನ್ ಮಾಡಿದಾಗ ನಿಮ್ಮ ಗುಟ್ಟು ರಟ್ಟು ಮಾಡಿದಳು. "ಅಮ್ಮ ವಾಕರ್ ಮೇಲೆ ಟವೆಲ್ ಒಣಗಿಸ್ತಾರೆ ಅತ್ತಿಗೆ, ನಡೆಯೋದೆಲ್ಲ ಗೋಡೆ ಹಿಡ್ಕೊಂಡೇ" ಅಂದಳು. ಆಸ್ಪತ್ರೆಯಲ್ಲಿ ದಾದಿಯಾಗಿರುವ ಮಗಳ ಮನೆಯಲ್ಲಿದ್ದೂ ನೀವು ಅವಳ ಕಣ್ಣು ತಪ್ಪಿಸಿ ಗೋಡೆ ಹಿಡಿಯುತ್ತೀರಿ ಎಂದರೆ ನಿಮ್ಮನ್ನು ಕಾಯುವುದು ಯಾರಿಗೂ ಸಾಧ್ಯವಿಲ್ಲ. ಬಿದ್ದರೆ ಇನ್ನೊಂದು ಸೊಂಟವೂ ಇದೆ, ಅದನ್ನೂ ಬದಲಾಯಿಸಬೇಕಾಗುತ್ತದೆ. ಇಲ್ಲಿ ನಿಮ್ಮ ಮೊಮ್ಮಗಳು ಚೆನ್ನಾಗಿದ್ದಾಳೆ. ನಿಮ್ಮ ಹಾಸಿಗೆಯಲ್ಲೇ ಮಲಗುತ್ತಾಳೆ, ಯಾರು ಹೇಳಿದರೂ ಕೇಳುವುದಿಲ್ಲ. ನಿಮ್ಮ ಮಗನೂ ಚೆನ್ನಾಗಿದ್ದಾರೆ. ಊರಿನ ಲಿಫ್ಟುಗಳೆಲ್ಲ ಅವರು ಊಟಕ್ಕೆ ಕೂತ ಹೊತ್ತಿಗೇ ಕೆಡುತ್ತವೆ, ಅದೊಂದು ಬದಲಾಗಿಲ್ಲ.

ಇಷ್ಟಾದ ಮೇಲೆ ಸುದ್ದಿ ಬರೆಯಬೇಕು. ಬರೆಯಲು ಕೂತು ಇದು ನಾಲ್ಕನೆಯ ಸಲ. ಮೂರು ಸಲ ಹಾಳೆ ಹರಿದೆ. ಫೋನಿನಲ್ಲಿ ಪ್ರತಿ ಭಾನುವಾರ ನೀವು "ಜೇನುಪೆಟ್ಟಿಗೆ ಹೇಗಿದಾವೆ?" ಎಂದು ಕೇಳುವುದು, ನಿಮ್ಮ ಮಗ "ಎಲ್ಲಾ ಚೆನ್ನಾಗಿದೆ ಅಮ್ಮ, ನೀನು ನಿನ್ನ ಕಾಲು ನೋಡ್ಕೋ" ಎನ್ನುವುದು, ನಾನು ಪಕ್ಕದಲ್ಲಿ ನಿಂತು ನೆಲ ನೋಡುವುದು, ಹೀಗೇ ಮೂರು ಭಾನುವಾರ ಕಳೆದವು. ಹೊಲಿಗೆ ಒಣಗುವವರೆಗೆ ನಿಮಗೆ ಹೇಳಬಾರದು ಎಂದು ಅವರ ಅಪ್ಪಣೆ. ಅವರು ನಿಮ್ಮ ಮಗ, ಅವರ ಮಾತಿಗೆ ಬೆಲೆ ಕೊಡಬೇಕು, ನಿಜ. ಆದರೆ ಪೆಟ್ಟಿಗೆ ಒಪ್ಪಿಸಿಕೊಂಡವಳು ನಾನು. ಹೋಗುವ ದಿನ ಬೆಳಿಗ್ಗೆ ಕಾರಿನಲ್ಲಿ ಕೂತ ಮೇಲೂ ಕಿಟಕಿ ಇಳಿಸಿ "ಏಳನೇ ಪೆಟ್ಟಿಗೆಯ ರಾಣಿಗೆ ವಯಸ್ಸಾಗಿದೆ, ಅದರ ಮೇಲೆ ಒಂದು ಕಣ್ಣಿಟ್ಟಿರು" ಅಂದಿರಿ. ಸೊಂಟ ಮುರಿದುಕೊಂಡು ಹೊರಟವರಿಗೆ ರಾಣಿಯ ವಯಸ್ಸಿನ ಚಿಂತೆ ಎಂದು ನಾನು ಆವತ್ತು ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಅತ್ತೆ, ಗಟ್ಟಿಯಾಗಿ ಕೂತುಕೊಳ್ಳಿ. ಹನ್ನೆರಡು ಪೆಟ್ಟಿಗೆಯಲ್ಲಿ ಒಂಬತ್ತು ಹೋದವು.

ಮಾರ್ಚ್ ಇಪ್ಪತ್ತು, ಗುರುವಾರ. ಗೋಡೆಯಾಚೆಯ ಕಲ್ಲಂಗಡಿ ಹೊಲದಲ್ಲಿ ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ಔಷಧಿ ಹೊಡೆದರು. ಬಳ್ಳಿಯ ತುಂಬ ಹೂವು ಬಿಟ್ಟ ವಾರ ಅದು. ಕಲ್ಲಂಗಡಿಯ ಹೂವು ಬೆಳಿಗ್ಗೆ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ನಿಮ್ಮ ನೊಣಗಳು ಗೋಡೆ ಹಾರಿ ಹೋಗುವುದೂ ಅದೇ ಹೊತ್ತಿಗೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹನ್ನೊಂದು ಗಂಟೆಗೆ ನಾನು ಹಿತ್ತಲಿಗೆ ಬಂದಾಗ ಮೊದಲು ಕಂಡದ್ದು ಪೆಟ್ಟಿಗೆಗಳ ಮುಂದಿನ ಸಿಮೆಂಟು ಹಾಸು. ಯಾರೋ ಕಾಫಿಪುಡಿ ಚೆಲ್ಲಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ ಆ ಪುಡಿ ಅಲುಗಾಡುತ್ತಿತ್ತು. ಅಂಗಾತ ಬಿದ್ದು ಗಿರಗಿರನೆ ಸುತ್ತುವವು, ರೆಕ್ಕೆ ನಡುಗಿಸುತ್ತ ನಡೆಯಲು ಹೋಗಿ ಮಗುಚಿ ಬೀಳುವವು, ಪೆಟ್ಟಿಗೆಯ ಬಾಗಿಲಿಗೆ ಬಂದು ಒಳಗೆ ಹೋಗಲಾರದೆ ಅಲ್ಲೇ ಕಚ್ಚಿಕೊಂಡು ನಿಂತವು. ಒಳಗಿನ ಕಾವಲಿನ ನೊಣಗಳು ತಮ್ಮವರನ್ನೇ ಗುರುತು ಹಿಡಿಯದೆ ಹೊರಗೆ ತಳ್ಳುತ್ತಿದ್ದವು. ನಾನು ಏನು ಮಾಡಬೇಕೆಂದು ತಿಳಿಯದೆ ಬಕೆಟ್ಟಿನಲ್ಲಿ ನೀರು ತಂದು ನಿಂತೆ. ಬೆಂಕಿ ಬಿದ್ದ ಮನೆಯಾಗಿದ್ದರೆ ನೀರು ಹಾಕಬಹುದಿತ್ತು. ಇದಕ್ಕೇನು ಹಾಕುವುದು?

ಒಂದು ಹಿಡಿ ಸತ್ತ ನೊಣ ಡಬ್ಬಿಗೆ ತುಂಬಿಕೊಂಡು ಮಾರನೆಯ ದಿನ ಅಂಗಡಿಗೆ ಒಯ್ದೆ. ಕನ್ನಡಕದ ಗಾಜು ಉಜ್ಜುವಾಗ ಗೀರು ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜು ಇದೆಯಲ್ಲ, ಅದರಲ್ಲಿ ನೋಡಿದೆ. ಹದಿನಾರು ವರ್ಷದಿಂದ ಆ ಭೂತಗಾಜಿನಲ್ಲಿ ಗೀರನ್ನು ಬಿಟ್ಟು ಬೇರೇನೂ ನೋಡಿರಲಿಲ್ಲ. ಅತ್ತೆ, ಎಲ್ಲವುಗಳ ನಾಲಿಗೆ ಹೊರಗೆ ಚಾಚಿತ್ತು. ಬಾಯಾರಿದವರ ಹಾಗೆ, ಇಷ್ಟುದ್ದ. ಹಿಂಗಾಲಿನ ಬುಟ್ಟಿಗಳಲ್ಲಿ ಹಳದಿ ಪರಾಗದ ಉಂಡೆ ಹಾಗೇ ಇತ್ತು, ಒಂದು ಚೂರೂ ಉದುರಿರಲಿಲ್ಲ. ಸಾಯುವಾಗಲೂ ಹೊರೆ ಬಿಟ್ಟಿರಲಿಲ್ಲ. ಅಂಗಡಿಯ ಯಜಮಾನರು ಹಿಂದಿನಿಂದ ಬಂದು "ಏನಮ್ಮಾ, ಗಾಜಲ್ಲಿ ತೊಂದರೆಯಾ?" ಎಂದು ಕೇಳಿದರು. ಗಾಜಿನಲ್ಲೇನೂ ತೊಂದರೆ ಇಲ್ಲ ಅಂದೆ.

ಹೊರಗೆ ಹೋದವು ಮೊದಲ ದಿನವೇ ಸತ್ತವು. ಅವು ತಂದು ಹಾಕಿದ ಪರಾಗ ತಿಂದು ಒಳಗಿದ್ದವು ವಾರದೊಳಗೆ ಒಂದೊಂದಾಗಿ ಮುಗಿದವು. ಮರಿಹುಳುಗಳನ್ನು ಸಾಕಲು ನೊಣಗಳಿಲ್ಲ, ಬೆಚ್ಚಗಿಡಲು ಯಾರೂ ಇಲ್ಲ. ಎರಿಯ ಮೇಣದ ಗೂಡುಗಳಲ್ಲಿ ಅವು ಬಿಳಿಯಾಗಿ ಮಲಗಿದ್ದಲ್ಲೇ ಬೂದಿಬಣ್ಣಕ್ಕೆ ತಿರುಗಿದವು. ಏಳನೆಯ ಪೆಟ್ಟಿಗೆಯ ಮುದಿ ರಾಣಿ ಮಾತ್ರ ಹತ್ತು ಹನ್ನೆರಡು ನೊಣಗಳನ್ನು ಕಟ್ಟಿಕೊಂಡು ಐದು ದಿನ ಓಡಾಡುತ್ತಿದ್ದಳು, ಆಮೇಲೆ ಅವಳೂ ಇಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ಪೆಟ್ಟಿಗೆ, ನೀವು "ಮೊಂಡು ಪೆಟ್ಟಿಗೆ" ಅನ್ನುತ್ತೀರಲ್ಲ, ಅದು ಗಟ್ಟಿಯಾಗಿದೆ. ಅದರ ನೊಣಗಳು ಆ ದಿನ ರಸ್ತೆ ಬದಿಯ ಮರಗಳ ಕಡೆ ಹೋಗಿದ್ದಿರಬೇಕು. ಉಳಿದೆರಡರಲ್ಲಿ ಹಿಡಿಯಷ್ಟು ಹಿಡಿಯಷ್ಟು ಜೀವ ಇತ್ತು. ನೀವು ಅಲಮಾರಿಯ ಬಾಗಿಲಿಗೆ ಅಂಟಿಸಿ ಹೋದ ಚೀಟಿಯಲ್ಲಿ ಬರೆದ ಹಾಗೆ ಎರಡನ್ನೂ ಕೂಡಿಸಿದೆ: ಒಂದರ ಮೇಲೆ ಒಂದು ಇಟ್ಟು, ಎರಡರ ನೊಣಗಳು ಕಚ್ಚಾಡದೆ ಮೆಲ್ಲಗೆ ಒಂದಾಗಲೆಂದು ನಡುವೆ ದಿನಪತ್ರಿಕೆಯ ಹಾಳೆ. ಕೈಗೆ ಸಿಕ್ಕ ಹಾಳೆ ಹಾಕಿದೆ. ಹಾಕಿದ ಮೇಲೆ ನೋಡಿದರೆ ಅದರಲ್ಲಿ ಅರ್ಧ ಪುಟ "ಪ್ರಪಂಚದಾದ್ಯಂತ ಕುಸಿಯುತ್ತಿರುವ ಜೇನು ಸಂತತಿ" ಎಂಬ ಲೇಖನ. ಮೂರು ದಿನದಲ್ಲಿ ಅದನ್ನು ಚೂರು ಚೂರು ಕಡಿದು ಬಾಗಿಲಿನಿಂದ ಹೊರಗೆ ಎಸೆದವು. ಅವುಗಳಿಗೆ ಆ ಲೇಖನದಿಂದ ಅಷ್ಟಾದರೂ ಉಪಯೋಗವಾಯಿತು, ನನಗೆ ಅದೂ ಆಗಲಿಲ್ಲ.

ಏಕೆ ಹೀಗೆ ಅಂದೆ ಎಂದರೆ, ಆ ಪ್ರಪಂಚದ ಮಾತು ಕೇಳಿ ಕೇಳಿ ನನ್ನ ಕಿವಿ ಕಿವುಡಾಗಿದೆ. ಯಾರ ಹತ್ತಿರ ಹೇಳಿಕೊಂಡರೂ ಅದೇ. ಪಕ್ಕದ ಮನೆಯವರು ಬೇಲಿಯ ಮೇಲಿಂದ "ಅಯ್ಯೋ, ಎಲ್ಲಾ ಕಡೆನೂ ಹೀಗೇ ಆಗ್ತಿದೆಯಂತೆ" ಅಂದರು, ಅದೇ ಉಸಿರಿನಲ್ಲಿ "ಇನ್ಮೇಲೆ ಬಟ್ಟೆ ಒಣಗಿಸೋಕೆ ಭಯ ಇಲ್ಲ ಬಿಡಿ" ಅಂದರು. ಅಂಗಡಿಯ ಯಜಮಾನರೂ ಅದನ್ನೇ ಅಂದರು. ನಿಮ್ಮ ಮಗ ಮೂರನೆಯ ದಿನ ಸತ್ತ ನೊಣಗಳನ್ನು ಗುಡಿಸಿ ಗುಂಡಿ ತೋಡಿ ಮುಚ್ಚಿದರು, ಕೈ ತೊಳೆದುಕೊಂಡು ಬಂದು "ನೀನೊಬ್ಬಳು ತಲೆ ಕೆಡಿಸ್ಕೊಂಡು ಏನಾಗುತ್ತೆ? ಇಡೀ ಭೂಮಿ ಮೇಲೇ ಕಡಿಮೆ ಆಗ್ತಿದಾವೆ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು, "ನಿಮ್ಮ ಲಿಫ್ಟು ಕೆಟ್ಟು ಜನ ಒಳಗೆ ಸಿಕ್ಕಿಹಾಕಿಕೊಂಡಾಗ ಇಡೀ ಭೂಮಿ ಮೇಲೆ ಲಿಫ್ಟು ಕೆಡ್ತವೆ ಅಂತ ಹೇಳಿ ಮನೆಗೆ ಬರ್ತೀರಾ?" ಎಂದು ಕೇಳಿದೆ. ಪಾಪ, ಅವರಿಗೂ ಹೊಟ್ಟೆ ಉರಿದಿತ್ತು, ಗುಂಡಿ ಮುಚ್ಚಿದ ಮೇಲೆ ಒಂದು ಕಲ್ಲು ತಂದು ಇಟ್ಟಿದ್ದರು, ನಾನು ಆಮೇಲೆ ನೋಡಿದೆ.

ನಾನೂ ಓದದೆ ಇಲ್ಲ. ಈ ಮೂರು ವಾರದಲ್ಲಿ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ನೀವು ಬೆರಳ ತುದಿಯಲ್ಲಿ ತೋರಿಸುತ್ತಿದ್ದ, ನೊಣದ ಮೈಗೆ ಅಂಟುವ ಆ ಕೆಂಪು ನುಸಿ ಸಮುದ್ರ ದಾಟಿ ದಾಟಿ ಹೋಗದ ಜಾಗವೇ ಕಡಿಮೆಯಂತೆ. ಔಷಧಿಗಳು ಒಂದು ಕಡೆ, ಕಣ್ಣು ಹಾಯುವಷ್ಟು ದೂರ ಒಂದೇ ಬೆಳೆ ಹಾಕಿ ಕಳೆ ಹೂವು ಕೂಡ ಉಳಿಸದಿರುವುದು ಇನ್ನೊಂದು ಕಡೆ. ಸೆಕೆ ಹೆಚ್ಚಾಗಿ ಹೂವು ಒಂದು ತಿಂಗಳಲ್ಲಿ, ನೊಣ ಇನ್ನೊಂದು ತಿಂಗಳಲ್ಲಿ ಎದ್ದೇಳುವುದು ಹತ್ತರ ಜೊತೆ ಹನ್ನೊಂದು. ಎಲ್ಲ ನಿಜವೇ. ಆದರೆ ಪ್ರಪಂಚ ಎಂಬ ಹೆಸರಿನ ಮನುಷ್ಯ ಯಾರೂ ಇಲ್ಲವಲ್ಲ, ಹೋಗಿ ಕೊರಳಪಟ್ಟಿ ಹಿಡಿದು ಕೇಳೋಣವೆಂದರೆ! ಎಲ್ಲ ಕಡೆ ಆಗುತ್ತಿದೆ ಎಂದರೆ ಎಲ್ಲ ಕಡೆಯೂ ಯಾರದೋ ಹಿತ್ತಲಲ್ಲಿ ಯಾರೋ ಪೊರಕೆ ಹಿಡಿದು ನಿಂತಿದ್ದಾರೆ ಎಂದು ತಾನೇ ಅರ್ಥ? ಅವರಿಗೂ ಅವರ ಅಕ್ಕಪಕ್ಕದವರು ಇದನ್ನೇ ಹೇಳಿ ಒಳಗೆ ಹೋಗುತ್ತಿರಬೇಕು.

ಕಚೇರಿಗೆ ಹೋದದ್ದನ್ನು ಕೇಳಿ. ಕೃಷಿ ಕಚೇರಿಯ ಎರಡನೆಯ ಮಹಡಿ, ಕೊನೆಯ ಕೋಣೆ. ಅಧಿಕಾರಿಗಳ ಹಿಂದಿನ ಗೋಡೆಯಲ್ಲಿ ಆಳೆತ್ತರದ ಜೇನುನೊಣದ ಚಿತ್ರ, ಕೆಳಗೆ "ಜೇನು ಉಳಿದರೆ ನಾವು ಉಳಿದೇವು" ಎಂಬ ಬರಹ. ಚಿತ್ರದಲ್ಲಿ ನೊಣಕ್ಕೆ ನಾಲ್ಕೇ ಕಾಲು. ನಾನು ಅದನ್ನೇ ನೋಡುತ್ತ ಕೂತೆ. ಅವರು ಒಳ್ಳೆಯವರೇ, ಕುಡಿಯಲು ನೀರು ಕೊಟ್ಟರು, "ಜಾಗತಿಕ ಸಮಸ್ಯೆ ಮೇಡಂ" ಅಂದರು, ಫಾರಂ ತೆಗೆದರು. ಸತ್ತ ಜಾನುವಾರುಗಳ ಫಾರಂ. ಜೇನಿಗೆಂದು ಬೇರೆ ಫಾರಂ ಇಲ್ಲವಂತೆ. ಎಷ್ಟು ಸತ್ತಿವೆ ಎಂದು ಕೇಳಿದರು. ಒಂದು ಪೆಟ್ಟಿಗೆಗೆ ಇಪ್ಪತ್ತು ಸಾವಿರವಾದರೂ ಇರುತ್ತವೆ ಎಂದು ನೀವು ಹೇಳಿದ್ದ ನೆನಪಿನಲ್ಲಿ "ಸುಮಾರು ಎರಡು ಲಕ್ಷ" ಅಂದೆ. ಅವರು ಪೆನ್ನು ಕೆಳಗಿಟ್ಟರು. ಆ ಕಾಲಮ್ಮಿನಲ್ಲಿ ಮೂರೇ ಅಂಕಿಗೆ ಜಾಗ. ಬಹಳ ಹೊತ್ತು ಯೋಚಿಸಿ ಪೆಟ್ಟಿಗೆ ಲೆಕ್ಕದಲ್ಲಿ ಒಂಬತ್ತು ಎಂದು ಬರೆದರು, ಜಾತಿ ಎಂಬಲ್ಲಿ "ಇತರೆ" ಎಂದು ಬರೆದರು. ಕಿವಿಯಲ್ಲಿ ಗುರುತಿನ ಬಿಲ್ಲೆ ಇತ್ತೇ ಎಂದೂ ಕೇಳಬೇಕಿತ್ತು, ಅಷ್ಟರಲ್ಲಿ ಅವರಿಗೇ ನಗು ಬಂತು. ನನಗೆ ಬರಲಿಲ್ಲ. ಔಷಧಿಯಿಂದಲೇ ಸತ್ತವು ಎಂದರೆ ಪ್ರಯೋಗಾಲಯದ ವರದಿ ಬೇಕು, ನುಸಿಯಿಂದ ಎಂದರೆ ಬೇರೆ ವಿಭಾಗ, ಎರಡೂ ಎಂದರೆ ಎರಡು ವಿಭಾಗದವರೂ ಸೇರಿ ಸಭೆ ಮಾಡಬೇಕು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಹೂವಿದ್ದಾಗ ಸಂಜೆ ಹೊತ್ತಿನಲ್ಲಿ ಮಾತ್ರ ಔಷಧಿ ಹೊಡೆಯಬೇಕು ಎಂದು ಅವರದೇ ಕರಪತ್ರ ಹೇಳುತ್ತದೆ. ಬಾಡಿಗೆ ಮಿಷನ್ನುಗಳು ಸಂಜೆ ಬರುವುದೇ ಇಲ್ಲವಲ್ಲ, ಅದನ್ನು ಯಾರು ನೋಡುತ್ತಾರೆ ಎಂದರೆ ಅದು ಸಾರಿಗೆಯವರಿಗೆ ಸಂಬಂಧಿಸಿದ್ದಂತೆ! ಪ್ರಯೋಗಾಲಯಕ್ಕೆ ಕಳಿಸಲು ಇನ್ನೂರು ನೊಣ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕದಲ್ಲಿ ಒಂದು ವಾರ ಇದ್ದವು. ನಿಮ್ಮ ಮಗ ಐಸು ತೆಗೆಯಲು ಹೋಗಿ ಕಿರುಚಿದ್ದು ಬೀದಿಯ ಕೊನೆಯವರೆಗೆ ಕೇಳಿಸಿತು. ವರದಿ ಬರಲು ಮೂರು ತಿಂಗಳು.

ನಿಮ್ಮ ಮೊಮ್ಮಗಳ ಶಾಲೆಯಲ್ಲೂ ಕಳೆದ ವಾರ ಜೇನಿನ ಬಗ್ಗೆ ಕಾರ್ಯಕ್ರಮ. ಮಕ್ಕಳಿಗೆಲ್ಲ ಹಳದಿ ಕಪ್ಪು ಅಂಗಿ, ತಂತಿಯ ರೆಕ್ಕೆ, ವೇದಿಕೆಯ ತುಂಬ ಪ್ಲಾಸ್ಟಿಕ್ ಹೂವು. ಶಾಲೆಯ ಅಂಗಳದಲ್ಲಿ ಒಂದು ಹಸಿರು ಕಡ್ಡಿ ಇಲ್ಲ, ಎಲ್ಲ ಸಿಮೆಂಟು. ನನ್ನನ್ನು ಜೇನು ಸಾಕುವವರ ಮನೆಯವಳೆಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಭಾಷಣದ ಟೀಚರು "ಜೇನುನೊಣ ಇಲ್ಲದಿದ್ದರೆ ಮನುಷ್ಯನೂ ಇಲ್ಲ" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವುದಕ್ಕೆ ತಟ್ಟಿದರೋ! ನಿಮ್ಮ ಮೊಮ್ಮಗಳು ರೆಕ್ಕೆ ಕಳಚಿ ನನ್ನ ತೊಡೆಯ ಮೇಲಿಟ್ಟು "ಅಜ್ಜಿಗೆ ಹೇಳಿದ್ಯಾ?" ಎಂದು ಕಿವಿಯಲ್ಲಿ ಕೇಳಿದಳು. ಇನ್ನೂ ಇಲ್ಲ ಅಂದೆ. ಅವಳು ಮುಖ ತಿರುಗಿಸಿದಳು. ಆ ಮುಖ ತಿರುಗಿಸುವುದು ಥೇಟ್ ನಿಮ್ಮದೇ.

ಇನ್ನು ಗೋಡೆಯಾಚೆಯ ಕಲ್ಲಂಗಡಿಯಣ್ಣನ ವಿಷಯ. ಮೂವತ್ತು ವರ್ಷದಿಂದ ಅವರಿಗೂ ನಿಮಗೂ ಇದ್ದ ಒಪ್ಪಂದ ನನಗೆ ಗೊತ್ತು. ನಿಮ್ಮ ನೊಣ ಅವರ ಹೂವಿಗೆ, ಅವರ ಮೊದಲ ಹಣ್ಣು ಗೋಡೆಯ ಮೇಲಿಂದ ನಮ್ಮ ಮನೆಗೆ, ಔಷಧಿ ಹೊಡೆಯುವ ಹಿಂದಿನ ದಿನ ಒಂದು ಮಾತು. ಒಂದು ಕಾಗದ ಇಲ್ಲ, ಸಹಿ ಇಲ್ಲ. ಈ ಸಲ ಹೇಳದೆ ಕೇಳದೆ ಹೊಡೆದರು ಎಂದು ನಾನು ಲಿಖಿತ ದೂರು ಕೊಟ್ಟೆ. ಕೊಡಬೇಕಾಯಿತು. ಯಾರ ಮೇಲಾದರೂ ಹೆಸರು ಹಾಕಿ ಬರೆಯದೆ ಫಾರಂ ಮುಂದೆ ಹೋಗುವುದಿಲ್ಲ ಅಂದರು ಅಧಿಕಾರಿಗಳು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರನ್ನೂ ಕರೆದಿದ್ದಾರೆ. ಹೊಲ ನಗರಸಭೆಯದು, ಅವರು ವರ್ಷ ವರ್ಷ ಗುತ್ತಿಗೆಗೆ ಹಿಡಿಯುವವರು. ದೂರು ನಿಜವೆಂದು ಬರೆದರೆ ಮುಂದಿನ ವರ್ಷ ಗುತ್ತಿಗೆ ಕೊಡುವುದಿಲ್ಲವಂತೆ. ನನಗೆ ಇದು ದೂರು ಕೊಡುವಾಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಕೊಡುತ್ತಿರಲಿಲ್ಲ ಎಂದೂ ಹೇಳಲಾರೆ, ಆ ದಿನ ನನ್ನ ತಲೆ ನನ್ನ ಕೈಯಲ್ಲಿರಲಿಲ್ಲ.

ಈಗ ಅವರ ಬಳ್ಳಿಯಲ್ಲಿ ಹೂವಿದೆ, ಕಾಯಿಲ್ಲ. ಕಚ್ಚಿದ ನಾಲ್ಕು ಕಾಯಿಯೂ ಒಂದು ಕಡೆ ಉಬ್ಬಿ ಒಂದು ಕಡೆ ಸೊಟ್ಟಗಾಗಿ ಹಲ್ಲುನೋವಿನ ಮುಖದ ಹಾಗಿವೆ. ಅದಕ್ಕೆ ನಾಲ್ಕು ಹೆಂಗಸರನ್ನು ಕರೆಸಿ ಕುಂಚ ಕೊಟ್ಟು ಗಂಡುಹೂವಿನ ಪುಡಿ ಹೆಣ್ಣುಹೂವಿಗೆ ಹಚ್ಚಿಸುತ್ತಿದ್ದಾರೆ. ಅವರಲ್ಲಿ ಒಬ್ಬಾಕೆ, ನನ್ನ ವಯಸ್ಸಿನವಳು, ಮೊನ್ನೆ ನಮ್ಮ ಅಂಗಡಿಗೆ ಬಂದಿದ್ದಳು. "ಹತ್ತಿರದ್ದು ಕಾಣೋ ಕನ್ನಡಕ ಮಾಡ್ಕೊಡಿ, ಹೂವಿನೊಳಗಿನ ಪುಡಿ ಕಾಣ್ತಿಲ್ಲ, ಹಚ್ಚಿದ್ದಕ್ಕೇ ಹಚ್ತಾ ಇದೀನಿ" ಅಂದಳು. ಬೆಳಿಗ್ಗೆ ಆರರಿಂದ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದೆ ಎಂದು ಕುರ್ಚಿಯಲ್ಲಿ ಕೂರಲಾರದೆ ನಿಂತೇ ಕಣ್ಣು ತೋರಿಸಿದಳು. "ನೊಣಗಳು ಹೂವಿಗೆ ಎಷ್ಟು ಸಲ ಬರ್ತಿದ್ವೋ ಏನೋ, ನಾವು ಒಂದು ಸಲ ಮುಗಿಸೋ ಹೊತ್ತಿಗೆ ಅರ್ಧ ಹೊಲ ಬಾಗಿಲು ಹಾಕ್ಕೊಂಡಿರುತ್ತೆ" ಅಂದಳು. ಅವಳ ಗಾಜನ್ನು ನಾನೇ ಉಜ್ಜಿದೆ. ಹೋಗುವಾಗ ನಾನು ಯಾರೆಂದು ತಿಳಿದು, "ಓ, ಆ ಜೇನಿನ ಮನೆಯವರಾ? ಯಜಮಾನ್ರು ನಿಮ್ಮ ಬಗ್ಗೆ ಒಂದು ಕೆಟ್ಟ ಮಾತಾಡಲ್ಲ ಬಿಡಿ. ನಾವೇ ಆಡಿದ್ರೂ ಗದರಿಸ್ತಾರೆ" ಅಂದಳು. ಆ ಮಾತು ಆವತ್ತಿನಿಂದ ನನ್ನನ್ನು ಕೊರೆಯುತ್ತಿದೆ.

ನೀವು ಹತ್ತು ವರ್ಷದಿಂದ ಹೇಳುತ್ತಿದ್ದಿರಿ ಅತ್ತೆ. ಇಪ್ಪತ್ತೆಂಟು ಇದ್ದದ್ದು ಇಪ್ಪತ್ತಾಯಿತು, ಇಪ್ಪತ್ತಿದ್ದದ್ದು ಹನ್ನೆರಡಾಯಿತು, ಪ್ರತಿ ವರ್ಷ ಒಂದೆರಡು ಖಾಲಿ ಪೆಟ್ಟಿಗೆ ತೊಳೆದು ಅಟ್ಟಕ್ಕೆ ಏರಿಸುವಾಗ ನೀವು ಏನೋ ಗೊಣಗುತ್ತಿದ್ದಿರಿ, ನಾವು ಟೀವಿಯ ಸದ್ದು ಜೋರು ಮಾಡುತ್ತಿದ್ದೆವು. ಹಳಬರಿಗೆ ಹಿಂದಿನದೆಲ್ಲ ಹೆಚ್ಚಾಗಿಯೇ ಕಾಣುತ್ತದೆ ಅಂದುಕೊಂಡೆ. ನನ್ನ ಕಣ್ಣೆದುರೇ ಸಾಕ್ಷಿ ಇತ್ತು, ನೋಡಲಿಲ್ಲ. ನಾನು ಅಂಗಡಿಗೆ ಸೇರಿದ ಹೊಸದರಲ್ಲಿ ಬೈಕಿನವರು ಸಾಲುಗಟ್ಟಿ ಬರುತ್ತಿದ್ದರು, ಗಾಜಿಗೆ ಹುಳ ಬಡಿದು ಅಂಟಿದೆ, ಒರೆಸಿಕೊಡಿ ಎಂದು. ಅದಕ್ಕೆಂದೇ ಒಂದು ದ್ರಾವಣದ ಸೀಸೆ ಇರುತ್ತಿತ್ತು. ಆ ಸೀಸೆ ಯಾವಾಗ ಒಣಗಿ ಮೂಲೆ ಸೇರಿತೋ ಗೊತ್ತೇ ಆಗಲಿಲ್ಲ. ಈಗ ಯಾರೂ ಬರುವುದಿಲ್ಲ. ಗಾಜು ಶುಭ್ರವಾಗಿವೆ. ಶುಭ್ರವಾಗಿರುವುದು ಒಳ್ಳೆಯದು ಅಂದುಕೊಂಡಿದ್ದೆ, ಎಂಥ ದಡ್ಡಿ ನಾನು!

ಇಷ್ಟು ಬರೆದು ನಿಮ್ಮ ಮನಸ್ಸು ಕೆಡಿಸಿದೆ, ಕ್ಷಮಿಸಿ. ಊಟ ಬಿಡಬೇಡಿ. ಸಿಟ್ಟು ಬಂದರೆ ವಾಕರ್ ಎತ್ತಿ ಕುಟ್ಟಿ, ಅದಕ್ಕೂ ಒಂದು ಕೆಲಸವಾಗಲಿ. ಮೊಂಡು ಪೆಟ್ಟಿಗೆಯಲ್ಲಿ ಹೊಸ ಮೊಟ್ಟೆಗಳಿವೆ, ಕೂಡಿಸಿದ ಪೆಟ್ಟಿಗೆಯಲ್ಲಿ ಒಬ್ಬಳೇ ರಾಣಿ ಉಳಿದು ಸುಮ್ಮನೆ ಕೆಲಸ ನಡೆಸಿದ್ದಾಳೆ. ನೀವು ಬರುವ ಹೊತ್ತಿಗೆ ಇವೆರಡನ್ನಾದರೂ ಉಳಿಸುತ್ತೇನೆ. ನಿಮ್ಮ ಮಗಳಿಗೂ ಅಳಿಯಂದಿರಿಗೂ ನಮ್ಮೆಲ್ಲರ ನೆನಪು ತಿಳಿಸಿ. ಮೊಮ್ಮಗಳು ಒಂದು ಚಿತ್ರ ಬರೆದುಕೊಟ್ಟಿದ್ದಾಳೆ, ಒಳಗಿಟ್ಟಿದ್ದೇನೆ, ಅವಳ ನೊಣಕ್ಕೆ ಆರು ಕಾಲೂ ಇವೆ. ನಿಮ್ಮ ಆಶೀರ್ವಾದ ಇರಲಿ, ಈ ಸಲ ಸ್ವಲ್ಪ ಹೆಚ್ಚಾಗಿಯೇ ಬೇಕು.

ಇತಿ ನಿಮ್ಮ ಬೈಗುಳಕ್ಕೆ ಕಾದಿರುವ,
ಸೊಸೆ

ಮರೆತ ಮಾತು: ಶನಿವಾರ, ಬೆಳಿಗ್ಗೆ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮರೆತ ಮಾತು ಎಂದು ಬರೆದದ್ದೂ ಸುಳ್ಳು, ಮರೆತಿರಲಿಲ್ಲ. ಅತ್ತೆ, ಕಲ್ಲಂಗಡಿಯಣ್ಣ ಹೇಳಿದ್ದರು. ಬುಧವಾರ ಮಧ್ಯಾಹ್ನ ಅಂಗಡಿಗೆ ಫೋನ್ ಮಾಡಿ, "ಮಿಷನ್ನಿನವನು ನಾಳೆ ಬೆಳಿಗ್ಗೆ ಬಿಟ್ರೆ ಬರಲ್ಲ ಅಂತಾನೆ. ಇವತ್ತು ಸಂಜೆ ನೊಣ ಒಳಗೆ ಹೋದ್ಮೇಲೆ ಬಾಗಿಲಿಗೆ ಜಾಲರಿ ಹಾಕಿ, ಒದ್ದೆ ಗೋಣಿ ಹೊದಿಸಿಬಿಡಿ ತಂಗಿ, ನಾಳೆ ಸಂಜೆ ತನಕ ತೆಗೀಬೇಡಿ" ಎಂದು ಎರಡೆರಡು ಸಲ ಹೇಳಿದರು. ಫೋನು ಭುಜಕ್ಕೆ ಒತ್ತಿಕೊಂಡು, ಗಾಜು ಚಕ್ರದ ಮೇಲಿಟ್ಟುಕೊಂಡೇ ಹೂಂ ಹೂಂ ಅಂದೆ. ಸಂಜೆ ಮನೆಗೆ ಬಂದೆ, ನಿಮ್ಮ ಮಗನ ಜೊತೆ ಯಾವುದೋ ಕೆಲಸಕ್ಕೆ ಬಾರದ ವಿಷಯಕ್ಕೆ ಜಗಳ ಆಡಿದೆ, ಉಂಡೆ, ಮಲಗಿದೆ. ಮಾರನೆಯ ದಿನ ಹತ್ತೂವರೆಗೆ ಕೆಲಸದ ನಡುವೆ ನೆನಪಾಯಿತು. ಓಡಿಬಂದೆ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿಮ್ಮ ಮಗ ಬಂದು "ಒಂದು ಮಾತು ಹೇಳಬಾರದಿತ್ತಾ ಆ ಮನುಷ್ಯ?" ಅಂದಾಗ ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ಸಂಜೆಯ ಹೊತ್ತಿಗೆ ಹೌದು ಎಂದಾಯಿತು, ವಾರದಲ್ಲಿ ಸಹಿ ಹಾಕಿದ ದೂರಾಯಿತು.

ಈಗ ತಾನೇ ಗೋಡೆಯ ಹತ್ತಿರ ಹೋಗಿ ಅವರನ್ನು ಕರೆದೆ. ಕೈಯಲ್ಲಿ ಕುಂಚ ಇತ್ತು. ಕಚೇರಿಯವರು ಕೇಳಿದಾಗ, ನನಗೆ ಮೊದಲೇ ತಿಳಿಸಿದ್ದನ್ನು ಏಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ನೊಣ ಎದ್ದು ಬರ್ತಿದ್ವಾ? ಬೆಳಿಗ್ಗೆ ಹೊತ್ತು ಹೊಡೆಯೋದು ತಪ್ಪು ಅಂತ ನನಗೂ ಗೊತ್ತಿತ್ತು, ಹೊಡೆಸಿದೆ. ಇನ್ನು ಉಳಿದದ್ದು, ನಿಮ್ಮತ್ತೆಗೆ ನೀವೇ ಹೇಳ್ಕೋತೀರಿ ಅಂತ ಸುಮ್ನಿದ್ದೆ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಕಚೇರಿಯಲ್ಲಿ ಇದನ್ನೇ ಹೇಳಿ ಬರೆದುಕೊಟ್ಟು ಬರುತ್ತೇನೆ. ನಿಮ್ಮ ಮಗನಿಗೆ ಇವತ್ತು ಸಂಜೆ ಹೇಳುತ್ತೇನೆ. ಎಲ್ಲರಿಗಿಂತ ಮೊದಲು ನಿಮಗೆ ಗೊತ್ತಾಗಬೇಕಿತ್ತು, ಅದಕ್ಕೇ ಲಕೋಟೆ ಬಿಚ್ಚಿದೆ. ಬೈಯುವುದಿದ್ದರೆ ಫೋನಿನಲ್ಲಿ ಬೇಡ, ಬರೆದು ಬೈಯಿರಿ, ಎಷ್ಟು ಹಾಳೆಯಾದರೂ ಓದುತ್ತೇನೆ. ಅಂಗಡಿಗೆ ರಜೆ ಹೇಳಿದ್ದೇನೆ. ಗೋಡೆಯಾಚೆ ಇನ್ನೊಂದು ಕುಂಚ ಇದೆಯಂತೆ, ಬನ್ನಿ ಅಂದಿದ್ದಾರೆ. ಬಿಸಿಲೇರಿದರೆ ಹೂವು ಮುಚ್ಚಿಕೊಳ್ಳುತ್ತವೆ. ಹೊರಟೆ.